ಎರಡು ದಿನದ ಚಾರಣಕ್ಕೆ ಪ್ರಥಮ ಚಿಕಿತ್ಸಾ ಪೆಟ್ಟಿಗೆ

ಎರಡು ದಿನಗಳ ಚಾರಣಕ್ಕೆ ಅಂಗಡಿಯ ಸಿದ್ಧ ಪೆಟ್ಟಿಗೆ ಸಾಕೇ ಎಂದು ಕೇಳಿದ್ದೀರಿ. ಅಂಥವುಗಳಲ್ಲಿ ಸಣ್ಣ ಪಟ್ಟಿಗಳು ಧಾರಾಳವಾಗಿದ್ದು, ದೊಡ್ಡ ಗಾಜ್ (ಗಾಯಕ್ಕೆ ಇಡುವ ತೆಳು ಬಟ್ಟೆ) ತುಂಡುಗಳೂ ಅಗಲವಾದ ಕ್ರೇಪ್ ಬ್ಯಾಂಡೇಜೂ ಸಾಮಾನ್ಯವಾಗಿ ಕಡಿಮೆ ಇರುವುದರಿಂದ, ಅವನ್ನು ನೀವೇ ಸೇರಿಸಿಕೊಳ್ಳುವುದು ಮೇಲು. ರಕ್ತ ಸುರಿಯುವ ಗಾಯವನ್ನು ಗಾಜ್ ಇಟ್ಟು, ನಡುವೆ ಎತ್ತಿ ನೋಡದೆ, ಕನಿಷ್ಠ 10 ನಿಮಿಷ ಬಲವಾಗಿ ಒತ್ತಿ ಹಿಡಿಯಬೇಕಾಗುತ್ತದೆ. ಆದರೆ ಚಾರಣವನ್ನು ಹೆಚ್ಚಾಗಿ ಕೆಡಿಸುವುದು ಹಿಮ್ಮಡಿಯ ಬೊಕ್ಕೆ: ಚರ್ಮ ಉರಿಯತೊಡಗಿದ ಕೂಡಲೇ, ನೀರು ತುಂಬುವ ಮೊದಲೇ, ಅಂಟುಪಟ್ಟಿ ಹಚ್ಚಿದರೆ ಅದು ಬಹುಮಟ್ಟಿಗೆ ತಪ್ಪುತ್ತದೆ. ಓಆರ್‌ಎಸ್ ಪೊಟ್ಟಣ, ಚಿಮುಟ, ಕೈಗವಸು, ಪ್ಯಾರಸಿಟಮಾಲ್ ಇರಲಿ. ನಿತ್ಯ ಸೇವಿಸುವ ಔಷಧಿಗಳಿದ್ದರೆ ಎರಡು ದಿನಗಳ ಜೊತೆಗೆ ಇನ್ನೊಂದು ದಿನಕ್ಕೂ ಸಾಲುವಷ್ಟು ಒಯ್ಯಿರಿ. ಹಾವಿನ ವಿಷ ಹೀರುವ ಸಾಧನವನ್ನು ಮಾತ್ರ, ಮಾರುವವರು ಎಷ್ಟೇ ಹೊಗಳಿದರೂ, ಕೊಳ್ಳಬೇಡಿ. ಅದು ವಿಷವನ್ನು ಹೊರತೆಗೆಯುವುದಿಲ್ಲ, ಬದಲಿಗೆ ಕಚ್ಚಿದ ಜಾಗಕ್ಕೆ ಇನ್ನಷ್ಟು ಹಾನಿ ಮಾಡಬಹುದು.