ಫ್ಲೂ ಇಂಜೆಕ್ಷನ್ ಹಾಕಿಸಿದ ರಾತ್ರಿಯೇ ಜ್ವರ, ಎರಡನೆಯದು ಬೇಡವೇ?

ಪ್ರಶ್ನೆ: ಮಗಳಿಗೆ ಹದಿನಾಲ್ಕು ತಿಂಗಳು, ತೂಕ 9 ಕೆ.ಜಿ. ಚಿಂತಾಮಣಿಯಲ್ಲಿ ಮೊದಲ ಸಲ ಫ್ಲೂ ಇಂಜೆಕ್ಷನ್ ಹಾಕಿಸಿದೆವು. ಆ ರಾತ್ರಿಯೇ 101 ಡಿಗ್ರಿ ಜ್ವರ, ತೊಡೆ ಕೆಂಪಗೆ ಊದಿತ್ತು, ರಾಗಿ ಸರಿ ಬಾಯಿಗಿಟ್ಟರೆ ಉಗಿದಳು. ಎರಡು ದಿನಕ್ಕೆ ಸರಿಹೋದಳು. ನಾಲ್ಕು ವಾರಕ್ಕೆ ಇನ್ನೊಂದಿದೆ. ಅತ್ತೆಯವರು "ಚೆನ್ನಾಗಿದ್ದ ಮಗೂಗೆ ದುಡ್ಡು ಕೊಟ್ಟು ಜ್ವರ ತರಿಸಿದ್ರಿ" ಅನ್ನುತ್ತಾರೆ. ಹಾಕಿಸೋದಾ, ಬಿಡೋದಾ?
– ಒಬ್ಬ ತಾಯಿ, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ಹಾಕಿಸಿ. ಮಗುವಿಗೆ ಬಂದದ್ದು ಫ್ಲೂ ಅಲ್ಲ. ಚುಚ್ಚುವ ಲಸಿಕೆಯಲ್ಲಿರುವುದು ಸತ್ತ ವೈರಸ್ಸಿನ ಚೂರುಗಳು, ಅವು ರೋಗ ಹತ್ತಿಸಲಾರವು. ಮೈ ಅವನ್ನು ಎದುರಿಸಲು ಕಲಿಯುವಾಗ ಒಂದೆರಡು ದಿನ ಜ್ವರ, ಊತ, ರಚ್ಚೆ ಇರುವುದುಂಟು. ಒಂಬತ್ತು ವರ್ಷದೊಳಗಿನ ಮಕ್ಕಳಿಗೆ ಮೊದಲ ಸಲ ಒಂದೇ ಡೋಸ್ ಸಾಲದು, ಅದಕ್ಕೇ ಎರಡು. ಎರಡನೆಯದನ್ನು ಬಿಟ್ಟರೆ ಮಾತ್ರ ಅತ್ತೆಯವರು ಹೇಳುವ ಆ ದುಡ್ಡು ಬಹುಪಾಲು ದಂಡವೇ.

ನನಗಂತೂ ಜ್ವರಕ್ಕಿಂತ ಜ್ವರದ ಬಾಟಲಿಯದೇ ಭಯ. ಪ್ಯಾರಾಸಿಟಮಾಲ್ ಸಿರಪ್ಪಿನಲ್ಲಿ 5 ಎಂ.ಎಲ್.ಗೆ 125 ಮಿ.ಗ್ರಾಂ ಇರುವುದೂ ಉಂಟು, 250 ಇರುವುದೂ ಉಂಟು. ಹಸುಗೂಸುಗಳ ಡ್ರಾಪ್ಸ್‌ನಲ್ಲೋ 1 ಎಂ.ಎಲ್.ಗೇ 100! ಒಂದು ಸಲಕ್ಕೆ ಕೆ.ಜಿ.ಗೆ ಹೆಚ್ಚೆಂದರೆ 15 ಮಿ.ಗ್ರಾಂ ಲೆಕ್ಕ. ನಿಮ್ಮ ಮಗಳಿಗೆ 125ರ ಸಿರಪ್ ಆದರೆ 5 ಎಂ.ಎಲ್., 250ರದಾದರೆ ಎರಡೂವರೆ. ಡ್ರಾಪ್ಸ್ ಬಾಟಲಿಯಿಂದ 5 ಎಂ.ಎಲ್. ಹಾಕಿದರೆ ನಾಲ್ಕು ಪಟ್ಟು ಹೋದಂತೆ. ಆದ್ದರಿಂದ ಅಂಗಡಿಯಲ್ಲೇ ಲೇಬಲ್ ಓದಿ, ಜೊತೆಗೆ ಕೊಡುವ ಅಳತೆಯಿಂದಲೇ ಕೊಡಿ, ಅಡುಗೆಮನೆ ಚಮಚದಿಂದಲ್ಲ. ಡೋಸಿನಿಂದ ಡೋಸಿಗೆ ಆರು ಗಂಟೆ ಬಿಡುವಿರಲಿ. ಜ್ವರವಿಲ್ಲದೆ ಮುಂಚಿತವಾಗಿ ಕೊಡುವುದು ಬೇಡ. ಆಸ್ಪಿರಿನ್ ಯಾವತ್ತೂ ಬೇಡ. ಊದಿದ ಜಾಗ ತಿಕ್ಕಬೇಡಿ, ತಣ್ಣೀರು ಬಟ್ಟೆ ಸಾಕು.

ಇಂಜೆಕ್ಷನ್ ಆದಮೇಲೆ ಅರ್ಧ ಗಂಟೆ ಕ್ಲಿನಿಕ್‌ನಲ್ಲೇ ಕೂತಿರಿ. ತೀವ್ರ ಅಲರ್ಜಿ ತೀರಾ ಅಪರೂಪ, ಬಂದರೆ ಸಾಮಾನ್ಯವಾಗಿ ಆ ಹೊತ್ತಿನಲ್ಲೇ: ಮೈತುಂಬ ದದ್ದು, ಮುಖ ಊತ, ಉಸಿರಿಗೆ ಕಷ್ಟ. ಜ್ವರದ ನಡುವೆ ಫಿಟ್ಸ್ ಬರುವುದೂ ಅಪರೂಪ. ಬಂದರೆ ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಆಸ್ಪತ್ರೆಗೆ ಹೊರಡಿ. ಕೈಗೆ ಬೀಗದ ಕೈ ಕೊಡುವುದು, ಬಾಯಿಗೆ ನೀರು ಹಾಕುವುದು ಬೇಡವೇ ಬೇಡ. ಇನ್ನು ಜ್ವರ ಎರಡು ದಿನ ದಾಟಿದರೆ ಲಸಿಕೆಯದೇ ಅಂತ ಸುಮ್ಮನಿರಬೇಡಿ, ಬೇರೆ ಕಾರಣವಿರಬಹುದು, ತೋರಿಸಿ.

ಮುಂದಿನ ಸಲ ಬೆಳಗ್ಗೆಯೇ ಹೋಗಿ, ಹೋದ ಸಲದ 101 ಡಿಗ್ರಿ ಜ್ವರವನ್ನು ಡಾಕ್ಟರಿಗೆ ಮೊದಲೇ ತಿಳಿಸಿ. ಆಮೇಲೆ ವರ್ಷಕ್ಕೊಂದೇ, ಮಳೆಗಾಲಕ್ಕೆ ಮುಂಚೆ.