ಕೃಷ್ಣಮೃಗವು ‘ಮೃಗ’ವಾದದ್ದು ಹೇಗೆ? – ಸಂಪಾದಕರ ಉತ್ತರ

ಮಧುಗಿರಿ ತಾಲ್ಲೂಕಿನ ಶಿಕ್ಷಕರೊಬ್ಬರು ನಮಗೆ ಬರೆದಿದ್ದಾರೆ. ಐದನೆಯ ತರಗತಿಯ ಮಕ್ಕಳನ್ನು ಮೈದನಹಳ್ಳಿಯ ಕೃಷ್ಣಮೃಗ ಮೀಸಲು ಪ್ರದೇಶಕ್ಕೆ ಕರೆದೊಯ್ದಾಗ ಹುಡುಗಿಯೊಬ್ಬಳು, ‘ಮೃಗ ಅಂದ್ರೆ ಹುಲಿ, ಚಿರತೆ ಅಲ್ವಾ ಸಾರ್? ಇಷ್ಟು ಸಾಧು ಪ್ರಾಣೀನ ಯಾಕೆ ಮೃಗ ಅಂತಾರೆ?’ ಎಂದು ಕೇಳಿದಳಂತೆ. ಆಗ ಉತ್ತರ ಹೊಳೆಯಲಿಲ್ಲವೆಂದೂ ಮೃಗಶಿರಾ ಮಳೆಯ ‘ಮೃಗ’ವೂ ಇದೇ ಪದವೇ ಎಂಬುದನ್ನು ತಿಳಿಸಬೇಕೆಂದೂ ಅವರು ಕೋರಿದ್ದಾರೆ.

ಮಾನ್ಯರೇ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಬಹಳ ಒಳ್ಳೆಯದು. ಇಂದಿನ ಕನ್ನಡದಲ್ಲಿ ಬರಿಯ ‘ಮೃಗ’ ಎಂದರೆ ಮೊದಲು ಹೊಳೆಯುವುದು ಕಾಡಿನ ಹಿಂಸ್ರ ಪ್ರಾಣಿಯೇ. ಆದರೆ ಈ ಕ್ರೌರ್ಯ ಪದದ ಹುಟ್ಟಿನಲ್ಲಿ ಇರಲಿಲ್ಲ. ಋಗ್ವೇದದ ಒಂದು ಮಂತ್ರವು ವಿಷ್ಣುವನ್ನು ಬೆಟ್ಟದಲ್ಲಿ ಅಲೆಯುವ ‘ಭೀಮ’ವಾದ, ಎಂದರೆ ಭಯ ಹುಟ್ಟಿಸುವ, ಮೃಗಕ್ಕೆ ಹೋಲಿಸುತ್ತದೆ. ಮೃಗವೆಂದ ಮಾತ್ರಕ್ಕೇ ಭಯಂಕರವಾಗಿದ್ದರೆ ಆ ವಿಶೇಷಣದ ಅಗತ್ಯವೇ ಬೀಳುತ್ತಿರಲಿಲ್ಲ. ನಾವು ಕೂಡ ‘ಕ್ರೂರಮೃಗ’ ಎಂದು ‘ಕ್ರೂರ’ವನ್ನು ಬೇರೆಯಾಗಿ ಸೇರಿಸಿಯೇ ಹೇಳುತ್ತೇವಲ್ಲ, ಅದರಲ್ಲಿ ಹಳೆಯ ಅರ್ಥದ ನೆನಪು ಉಳಿದುಕೊಂಡಿದೆ. ವೇದದ ಭಾಷೆಯಲ್ಲಿ ಮೃಗವೆಂದರೆ ಮನುಷ್ಯನ ಹಗ್ಗಕ್ಕೆ ಸಿಗದೆ ತನ್ನಷ್ಟಕ್ಕೆ ತಿರುಗುವ ಪ್ರಾಣಿ, ಅಷ್ಟೇ. ಆನೆಯನ್ನು ‘ಕೈಯುಳ್ಳ ಮೃಗ’ ಎಂದೇ ಕರೆದಿದ್ದಾರೆ. ವೇದದ ಪದಗಳ ಅರ್ಥ ಬಿಡಿಸುವ ಯಾಸ್ಕನ ಹಳೆಯ ಗ್ರಂಥ ನಿರುಕ್ತವು ಈ ಪದವನ್ನು ಚಲನೆಯ ಅರ್ಥದ ಧಾತುವಿಗೆ ಜೋಡಿಸುತ್ತದೆ. ಅಮರಕೋಶದಲ್ಲಿ ಸಿಂಹ ‘ಮೃಗೇಂದ್ರ’, ಕೊಂಬೆಯಿಂದ ಕೊಂಬೆಗೆ ನೆಗೆಯುವ ಕೋತಿ ‘ಶಾಖಾಮೃಗ’. ತಮಿಳಿನ ‘ಮಿರುಗಂ’, ಮಲಯಾಳದ ‘ಮೃಗಂ’ ಇಂದಿಗೂ ಪ್ರಾಣಿ ಎಂಬ ಸಾಮಾನ್ಯ ಅರ್ಥದಲ್ಲಿಯೇ ನಡೆಯುತ್ತಿವೆ.

ಕಾಡಿನ ಪ್ರಾಣಿಗಳಲ್ಲಿ ಬೇಟೆಗಾರನ ಕಣ್ಣಿಗೆ ಹೆಚ್ಚಾಗಿ ಬೀಳುತ್ತಿದ್ದದ್ದು ಜಿಂಕೆಯ ಜಾತಿ. ಹಾಗಾಗಿ ಎಲ್ಲ ಪ್ರಾಣಿಗಳಿಗೂ ಸಲ್ಲುತ್ತಿದ್ದ ಹೆಸರು ಕ್ರಮೇಣ ಜಿಂಕೆಗೇ ಮೀಸಲಾಯಿತು. ಬೇಟೆಗೆ ‘ಮೃಗಯಾ’ ಎಂದೂ ಜಿಂಕೆಯ ಗುರುತುಳ್ಳವನೆಂದು ಚಂದ್ರನಿಗೆ ‘ಮೃಗಾಂಕ’ ಎಂದೂ ಕಸ್ತೂರಿಗೆ ‘ಮೃಗಮದ’ ಎಂದೂ ಹೆಸರು ಬಂದದ್ದು ಹೀಗೆ. ಇಂಗ್ಲಿಷಿನ ‘ಡಿಯರ್’ ಎಂಬ ಪದವೂ ಸರಿಯಾಗಿ ಇದೇ ದಾರಿ ಹಿಡಿದಿದೆ: ಹಳೆಯ ಇಂಗ್ಲಿಷಿನಲ್ಲಿ ಅದು ಯಾವುದೇ ಪ್ರಾಣಿಗೆ ಸಲ್ಲುತ್ತಿತ್ತು, ಅದರ ಸೋದರ ಪದವಾದ ಜರ್ಮನ್ನಿನ ‘ಟೀರ್’ ಈಗಲೂ ಹಾಗೆಯೇ ಇದೆ. ಇರಾನಿನ ಕಡೆಗೆ ಹೋದ ಕವಲಿನಲ್ಲಿ ಇನ್ನೂ ಸೋಜಿಗದ ಸಂಗತಿ ನಡೆಯಿತು. ಅವೆಸ್ತಾ ಭಾಷೆಯಲ್ಲಿ ‘ಮೃಗ’ದ ಜ್ಞಾತಿಪದಕ್ಕೆ ಹಕ್ಕಿ ಎಂಬ ಅರ್ಥ ನಿಂತು, ಅದು ಪಾರಸಿಯಲ್ಲಿ ‘ಮುರ್ಗ್’ ಆಯಿತು. ನಮ್ಮ ತುಮಕೂರಿನ ಹೋಟೆಲುಗಳ ಪಟ್ಟಿಯಲ್ಲಿ ‘ಮುರ್ಗ್ ಮಸಾಲ’ ಎಂದು ಕೋಳಿಯಾಗಿ ಕಾಣಿಸಿಕೊಳ್ಳುವ ಪದವೂ ಮೈದನಹಳ್ಳಿಯ ಕೃಷ್ಣಮೃಗದ ಹೆಸರೂ ಒಂದೇ ಬುಡದ ಚಿಗುರುಗಳು.

ಆದ್ದರಿಂದ ನಿಮ್ಮ ವಿದ್ಯಾರ್ಥಿನಿಗೆ ಹೀಗೆ ಹೇಳಬಹುದು: ಸಾಧು ಪ್ರಾಣಿಗೆ ಯಾರೂ ಕ್ರೂರ ಹೆಸರನ್ನು ಇಟ್ಟಿಲ್ಲ, ಅದು ಹಳೆಯ ಹೆಸರನ್ನೇ ಉಳಿಸಿಕೊಂಡಿದೆ, ಕ್ರೌರ್ಯವನ್ನು ಆ ಪದಕ್ಕೆ ಹಚ್ಚಿದವರು ನಾವು. ಮನುಷ್ಯ ಮಾಡಿದ ಹೀನ ಕೆಲಸವನ್ನು ‘ಮೃಗೀಯ’ ಎಂದು ಬರೆಯುವುದು ವರದಿಗಳಲ್ಲಿ ರೂಢಿಯಾಗಿಬಿಟ್ಟಿದೆ. ಆ ಪದವನ್ನು ಓದುವಾಗಲೆಲ್ಲ ನನಗೆ ನೋವಾಗುತ್ತದೆ. ನಮ್ಮ ಪುಟಗಳಲ್ಲಿ ಅದನ್ನು ಬಳಸುವುದಿಲ್ಲ.

ಮೈದನಹಳ್ಳಿಗೆ ನಾನೂ ಹೋಗಿದ್ದೇನೆ. 2007ರಲ್ಲಿ ಜಯಮಂಗಲಿ ನದಿಯ ಹೆಸರಿನಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿತವಾದ, ಸುಮಾರು 798 ಎಕರೆಯ ಆ ಹುಲ್ಲುಗಾವಲಿನಲ್ಲಿ ನಿಂತರೆ ‘ಕೃಷ್ಣ’ ಎಂಬ ವಿಶೇಷಣ ಗಂಡಿಗೆ ಮಾತ್ರ ಒಪ್ಪುತ್ತದೆಂಬುದು ತಾನಾಗಿ ತಿಳಿಯುತ್ತದೆ. ಹೆಣ್ಣುಗಳೂ ಮರಿಗಳೂ ಒಣಹುಲ್ಲಿನ ಬಣ್ಣದವು. ವಯಸ್ಸಿಗೆ ಬಂದ ಗಂಡಿನ ಬೆನ್ನು ಮಾತ್ರ ಕಪ್ಪಾಗಿ, ಹೊಟ್ಟೆ ಬೆಳ್ಳಗೆ ಉಳಿದು, ತಿರುಚಿದ ಕೊಂಬು ಎದ್ದು ಕಾಣುತ್ತದೆ. ಜಿಂಕೆಯ ಕೊಂಬಿನಂತೆ ಇದರ ಕೊಂಬು ಕಾಲಕಾಲಕ್ಕೆ ಉದುರಿ ಮತ್ತೆ ಮೂಡುವುದಿಲ್ಲವಾದ್ದರಿಂದ ಇದನ್ನು ಜಿಂಕೆ ಎನ್ನುವುದಕ್ಕಿಂತ ಹುಲ್ಲೆ ಅಥವಾ ಚಿಗರಿ ಎನ್ನುವುದು ಮೇಲು. ನಾನು ಹೋದ ದಿನ ಹೊತ್ತು ನೆತ್ತಿಗೇರಿದಾಗ ಬಯಲಿನಾಚೆ ನೀರು ಅಲುಗಿದಂತೆ ಬಿಸಿಲು ಕುಣಿಯುತ್ತಿತ್ತು, ಅದರ ಮುಂದೆ ನಾಲ್ಕು ಹೆಣ್ಣು ಹುಲ್ಲೆಗಳು ಕಿವಿ ನಿಮಿರಿಸಿ ನಿಂತಿದ್ದವು. ಬಾಯಾರಿದ ಜಿಂಕೆ ನೀರೆಂದು ಭ್ರಮಿಸಿ ಓಡುವುದನ್ನು ಕಲ್ಪಿಸಿಕೊಂಡ ಸಂಸ್ಕೃತ ಅದಕ್ಕೆ ‘ಮೃಗತೃಷ್ಣೆ’ ಎಂದಿತು. ಕನ್ನಡ ಅಲ್ಲಿ ಓಡುವ ಕುದುರೆಯನ್ನೇ ಕಂಡು ‘ಬಿಸಿಲ್ಗುದುರೆ’ ಎಂದಿತು. ಎರಡರಲ್ಲಿ ನನಗೆ ಕನ್ನಡದ್ದೇ ಹೆಚ್ಚು ಪ್ರಿಯ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಹೌದು, ಮೃಗಶಿರಾ ಎಂಬಲ್ಲಿರುವುದೂ ಇದೇ ಮೃಗ, ಜಿಂಕೆಯ ತಲೆ ಎಂದೇ ಅರ್ಥ. ರೋಹಿಣಿಯ ಬೆನ್ನು ಹತ್ತಿದ ಗಂಡುಜಿಂಕೆಗೆ ಬೇಡನೊಬ್ಬ ಬಾಣ ಬಿಟ್ಟನೆಂದೂ ಅವರೆಲ್ಲರೂ ಆಕಾಶದಲ್ಲಿ ನಕ್ಷತ್ರಗಳಾದರೆಂದೂ ಐತರೇಯ ಬ್ರಾಹ್ಮಣವೆಂಬ ವೈದಿಕ ಗ್ರಂಥದಲ್ಲಿ ಕಥೆಯಿದೆ. ನಮ್ಮ ರೈತರ ಲೆಕ್ಕದಲ್ಲಿಯೂ ರೋಹಿಣಿ ಮಳೆಯ ಬೆನ್ನಿಗೇ ಮೃಗಶಿರಾ ಬರುತ್ತದೆ. ಜೂನ್ 7 ಅಥವಾ 8ರ ಸುಮಾರಿಗೆ ಸೂರ್ಯ ಆ ನಕ್ಷತ್ರಕ್ಕೆ ಬಂದು 13–14 ದಿನ ಇರುತ್ತಾನೆ, ಪಾವಗಡ, ಶಿರಾ, ಮಧುಗಿರಿಯ ಕಡೆ ಶೇಂಗಾ ಬಿತ್ತುವವರು ಆಕಾಶ ನೋಡುವುದೂ ಆಗಲೇ. ಹುಣ್ಣಿಮೆಯ ಚಂದ್ರ ಇದೇ ನಕ್ಷತ್ರದ ಬಳಿ ಇರುವ ತಿಂಗಳು ಮಾರ್ಗಶಿರ. ‘ಮಾರ್ಗ’ ಎಂಬ ಪದವನ್ನೂ ಮೃಗದಿಂದಲೇ, ಮೃಗ ನಡೆದ ಜಾಡು ಎಂಬ ಅರ್ಥದಿಂದಲೇ, ಹೊರಡಿಸುವುದುಂಟು.

ಮೃಗಶಿರಾ ಮಳೆ ಸುರಿಯುವಾಗ ಆ ನಕ್ಷತ್ರ ಸೂರ್ಯನ ಜೊತೆಗೇ ಇರುವುದರಿಂದ ರಾತ್ರಿ ಕಾಣುವುದಿಲ್ಲ. ಮಕ್ಕಳಿಗೆ ತೋರಿಸಬೇಕಾದರೆ ಜನವರಿಯ ಕೊನೆಯವರೆಗೆ ಕಾಯಿರಿ. ರಾತ್ರಿ ಒಂಬತ್ತೂವರೆಯ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ನೆತ್ತಿಗಿಂತ ತುಸು ಕೆಳಗೆ ಒಂದೇ ಸಾಲಿನಲ್ಲಿ ಮೂರು ನಕ್ಷತ್ರಗಳು ಕಾಣುತ್ತವೆ, ಅದು ಬಾಣ. ಎಡಕ್ಕೆ ಕೆಳಗೆ, ಇಡೀ ರಾತ್ರಿಯ ಆಕಾಶದಲ್ಲಿ ಅತ್ಯಂತ ಪ್ರಕಾಶಮಾನವಾಗಿ ಹೊಳೆಯುವ ನಕ್ಷತ್ರ ಬೇಡ, ಅವನಿಗೆ ಲುಬ್ಧಕನೆಂದು ಹೆಸರು. ಬಾಣದ ಮೇಲುಗಡೆ ಒತ್ತೊತ್ತಾಗಿ ಮಿನುಗುವ ಮೂರು ಮಸುಕು ಚುಕ್ಕೆಗಳೇ ಮೃಗದ ತಲೆ.