ಗಿರಾಕಿ ಕೇಳಿದ ಸೀರೆಯನ್ನೇ ಮೊದಲು ಬಿಚ್ಚಿ

ಪ್ರಶ್ನೆ: ಎಂಟು ತಿಂಗಳಿಂದ ಸೀರೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಒಂದೂವರೆ ಸಾವಿರದ ಇಳಕಲ್ ಸೀರೆ ಕೇಳಿದವರಿಗೂ ನಾಲ್ಕು ಸಾವಿರದ್ದನ್ನೇ ಮೊದಲು ತೋರಿಸಬೇಕು, ಹಬ್ಬದ ದಿನಗಳಲ್ಲಿ ಲಂಗ ಮತ್ತು ಫಾಲ್ ಕೊಳ್ಳದವರಿಗೆ ಬೇಡಿಕೆಯ ಸೀರೆ ಕೊಡಲೇಬಾರದು ಎಂಬುದು ಮಾಲೀಕರ ಕಟ್ಟಪ್ಪಣೆ. ಹೆಚ್ಚು ಮಾರಿದರೆ ನನಗೂ ಕಮಿಷನ್ ಸಿಗುತ್ತದೆ, ಆದರೆ ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಎರಡನೆಯ ಸಂಕಟಕ್ಕೆ ಉತ್ತರ ನೇರವಾಗಿದೆ. ಒಂದು ವಸ್ತು ಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕೆಂದು ಷರತ್ತು ಹಾಕುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ನಿರ್ಬಂಧಕ ವ್ಯಾಪಾರ ಪದ್ಧತಿ ಎಂದೇ ಪರಿಗಣಿಸುತ್ತದೆ. ಇದನ್ನು ಮಾಲೀಕರಿಗೆ ಏಕಾಂತದಲ್ಲಿ, ವಿನಯದಿಂದಲೇ ತಿಳಿಸಿ.

ಹೆಚ್ಚಿನ ಬೆಲೆಯ ಸೀರೆಯನ್ನು ತೋರಿಸುವುದರಲ್ಲಿ ತಪ್ಪಿಲ್ಲ. ಆದರೆ ಕೇಳಿದ ಬೆಲೆಯದನ್ನು ಮೊದಲು ಬಿಚ್ಚಿ, ಗಿರಾಕಿ ಅದನ್ನು ಮುಟ್ಟಿ ನೋಡಿದ ಮೇಲೆ, ಅದರ ಪಕ್ಕದಲ್ಲಿಯೇ ಇನ್ನೊಂದನ್ನು ಹರಡಬೇಕು. ಇಳಕಲ್ ಕೈಮಗ್ಗದ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕೈಯಿಂದ ಕೊಂಡಿ ಹಾಕಿ ಜೋಡಿಸುವುದರಿಂದ ಪ್ರತಿ ಸೀರೆಗೂ ಹಾಸನ್ನು ಪ್ರತ್ಯೇಕವಾಗಿಯೇ ಸಿದ್ಧಪಡಿಸಬೇಕಾಗುತ್ತದೆ. ಸೆರಗು ಶುರುವಾಗುವ ಆ ಜಾಗವನ್ನು ಮಗುಚಿ, ಗಿರಾಕಿಯ ಬೆರಳಿಗೆ ಸಿಗುವಂತೆ ಹಿಡಿಯಿರಿ. ಸೆರಗು ಅಪ್ಪಟ ರೇಷ್ಮೆಯದೋ ಆರ್ಟ್ ಸಿಲ್ಕ್ ಎಂಬ ಕೃತಕ ರೇಷ್ಮೆಯದೋ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿ. ಬೇಕೆಂದರೆ ಸೆರಗಿನ ತುದಿಯ ಒಂದೆರಡು ಎಳೆ ಸುಟ್ಟು ತೋರಿಸಬಹುದು: ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಇಷ್ಟೆಲ್ಲ ಕಂಡ ಮೇಲೆ ಅವರೇ ಹೆಚ್ಚು ಹಣ ಕೊಡಲು ಮುಂದಾದರೆ ಆ ಕಮಿಷನ್ ನಿಮಗೆ ನ್ಯಾಯವಾಗಿ ಸಲ್ಲಬೇಕಾದದ್ದು. ಎರಡು ಸೀರೆಗಳ ಅಂತರವನ್ನು ನೀವು ಕೈಯಲ್ಲಿ ಹಿಡಿದು ತೋರಿಸಲಾರಿರಾದರೆ, ದುಬಾರಿಯದರ ಮಾತನ್ನೇ ಎತ್ತಬೇಡಿ.

ಇನ್ನೊಂದು ಎಚ್ಚರ. ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ಆರಂಭಿಸಿದ ಸಿಲ್ಕ್ ಮಾರ್ಕ್ ಚೀಟಿ ರೇಷ್ಮೆ ಅಪ್ಪಟವೆಂಬುದಕ್ಕೆ ಮಾತ್ರ ಭರವಸೆ ಕೊಡುತ್ತದೆಯೇ ಹೊರತು ಝರಿಗಲ್ಲ, ಬೆಲೆಗೂ ಅಲ್ಲ. ಆ ಚೀಟಿ ತೋರಿಸಿ ಝರಿಯ ಹೆಸರಿನಲ್ಲಿ ಬೆಲೆ ಏರಿಸುವುದನ್ನು ನಾನು ಹಲವು ಅಂಗಡಿಗಳಲ್ಲಿ ಕಣ್ಣಾರೆ ಕಂಡು ನೊಂದಿದ್ದೇನೆ. ಗಿರಾಕಿಗಳು ಮಗಳ ಮದುವೆಗೆಂದು ವರ್ಷಗಟ್ಟಲೆ ಕೂಡಿಟ್ಟ ಹಣ ಅದು. ‘ಇದು ನಿಮ್ಮ ಅಂತಸ್ತಿಗೆ ಸಾಲದು’ ಎಂಬಂಥ ಮಾತಂತೂ ನಿಮ್ಮ ಬಾಯಿಂದ ಎಂದೂ ಬರಬಾರದು, ಏಕೆಂದರೆ ನಾಚಿಕೆಗೆ ಅಂಜಿ ಕೊಂಡ ಸೀರೆಯನ್ನು ಅವರು ಮನೆಯಲ್ಲಿ ಬಿಚ್ಚುವಾಗಲೆಲ್ಲ ಆ ಮಾತು ಚುಚ್ಚುತ್ತದೆ.

ಮಾಲೀಕರಲ್ಲಿ ಒಂದು ತಿಂಗಳ ಅವಕಾಶ ಕೇಳಿ. ನೀವು ಹೀಗೆ ಮಾರಿದ ಸೀರೆಗಳಲ್ಲಿ ಎಷ್ಟು ಬದಲಾವಣೆಗೆ ವಾಪಸು ಬಂದವು, ಎಷ್ಟು ಗಿರಾಕಿಗಳು ಅಕ್ಕತಂಗಿಯರನ್ನು ಕರೆದುಕೊಂಡು ಮತ್ತೆ ಬಂದರು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ತಿಂಗಳ ಕೊನೆಗೆ ಅವರ ಮುಂದಿಡಿ.